‘ತೀರಿಸು’ ಎಂಬ ಮಾತು

ಕನ್ನಡ ನಾಡಿನಲ್ಲಿ ಜನರು ಸಾಲವನ್ನು ತೀರಿಸುತ್ತಾರೆ, ಹರಕೆಯನ್ನು ತೀರಿಸುತ್ತಾರೆ, ಬಾಯಾರಿಕೆಯನ್ನೂ ಆಸೆಯನ್ನೂ ತೀರಿಸಿಕೊಳ್ಳುತ್ತಾರೆ, ಸಂಶಯವನ್ನು, ಹಟವನ್ನು, ಹಗೆಯನ್ನು ತೀರಿಸಿಕೊಳ್ಳುತ್ತಾರೆ. ನ್ಯಾಯಾಧಿಪತಿಯು ಹೇಳುವುದು ತೀರ್ಪು. ಹಿರಿಯರು ಕುಳಿತು ಮಾಡುವುದು ತೀರ್ಮಾನ. ಕರಾವಳಿಯ ಕಡೆ ಭೂಮಿಯ ಕಂದಾಯಕ್ಕೆ ತೀರ್ವೆಯೆಂಬ ಹೆಸರೇ ರೂಢಿಯಲ್ಲಿತ್ತು. ಮಾತಿಗೆ ಮೀರಿದ ಸುಖವಾಗಲಿ ದುಃಖವಾಗಲಿ ಹೇಳತೀರದು. ಕಟ್ಟಕಡೆಗೆ ಮನುಷ್ಯನು ತೀರಿಕೊಳ್ಳುತ್ತಾನೆ. ಇಷ್ಟು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ಧಾತುವು ಸಲೀಸಾಗಿ ಓಡಾಡುತ್ತಿರುವಾಗ ಅದರ ಒಳಗೆ ಯಾವ ಅರ್ಥವು ಮನೆಮಾಡಿಕೊಂಡಿದೆಯೆಂದು ವಿಚಾರಿಸುವುದು ವ್ಯಾಕರಣದ ಕುತೂಹಲ ಮಾತ್ರವಲ್ಲ. ಕನ್ನಡದ ಕೆಲವು ದೊಡ್ಡ ಕೃತಿಗಳನ್ನು ಓದುವುದಕ್ಕೂ ಆ ವಿಚಾರವು ಒದಗಿಬರುವಂತಹುದು.

ಈ ಧಾತು ದ್ರಾವಿಡ ಭಾಷೆಗಳ ಹಳೆಯ ಸ್ವತ್ತು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಮಲೆಯಾಳದಲ್ಲಿಯೂ ಅದು ಹೆಚ್ಚು ಕಡಿಮೆ ಇದೇ ರೂಪದಲ್ಲಿ ಇದೆ; ತೆಲುಗರು ಸಾಲಕ್ಕೆ ಹೇಳುವ ‘ತೀರ್ಚು’ ಎಂಬ ರೂಪವೇ ಹಳಗನ್ನಡದಲ್ಲಿ ಸಕರ್ಮಕವಾಗಿ ಬಳಕೆಯಲ್ಲಿತ್ತು. ಎಲ್ಲ ಕಡೆಯೂ ಮೂಲಾರ್ಥವು ಮುಗಿಯುವುದು, ಕೊನೆಗಾಣುವುದು ಎಂದೇ. ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಸಾಲವನ್ನು ‘ತೀರಿಸಿದೆ’ ಎನ್ನುವವನು ಕೊಟ್ಟೆನೆಂದು ಹೇಳುತ್ತಿಲ್ಲ, ಮರಳಿಸಿದೆನೆಂದೂ ಹೇಳುತ್ತಿಲ್ಲ, ಮುಗಿಸಿದೆನೆಂದು ಹೇಳುತ್ತಿದ್ದಾನೆ. ಕೊಡುವುದರಲ್ಲಿ ಕೊಟ್ಟವನೂ ಕೊಂಡವನೂ ಇಬ್ಬರಿದ್ದಾರೆ. ತೀರಿಸುವುದರಲ್ಲಿ ಇಬ್ಬರ ನಡುವಣ ಒಂದು ಸಂಬಂಧದ ಕೊನೆಯಿದೆ. ಆ ಕೊನೆಯು ಯಾರ ಕೊನೆ, ಯಾವುದರ ಕೊನೆ ಎಂಬ ಪ್ರಶ್ನೆಯು ಈ ಶಬ್ದದ ಹಿಂದೆ ಯಾವಾಗಲೂ ನಿಂತಿರುತ್ತದೆ.

ಮನೆವಾರ್ತೆಯ ಭಾಷೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುವುದು. ಪಡೆದದ್ದನ್ನು ಹಿಂದಕ್ಕೆ ಕೊಡುವ ಬಗೆಗಳಿಗೆ ನಮ್ಮ ಹೆಂಗಸರು ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ವಿದ್ವಾಂಸರು ಇವನ್ನು ಬೆರಸಿದರೂ ಅವರು ಬೆರಸುವುದಿಲ್ಲ. ಮದುವೆಗೆ ಹೋಗುವಾಗ ಪಕ್ಕದ ಮನೆಯಿಂದ ತಂದ ಸರವು ಎರವಲು. ತಂದ ವಸ್ತುವನ್ನೇ, ಆ ಸರವನ್ನೇ, ಮರಳಿ ಒಪ್ಪಿಸಬೇಕು; ಅದಕ್ಕಿಂತ ಹೆಚ್ಚು ಬೆಲೆಯ ಇನ್ನೊಂದು ಸರವನ್ನು ಕೊಟ್ಟರೂ ಎರವಲು ಸಂದಂತಾಗುವುದಿಲ್ಲ. ಅನಿರೀಕ್ಷಿತವಾಗಿ ನೆಂಟರು ಬಂದಾಗ ತಂದ ಒಂದು ಲೋಟ ಸಕ್ಕರೆಯಾಗಲಿ ಒಂದು ಪಾವು ಅಕ್ಕಿಯಾಗಲಿ ಕಡ. ಅದೇ ಸಕ್ಕರೆಯು ಆಗಲೇ ಹೊಟ್ಟೆಗೆ ಹೋಗಿದೆ. ಅದೇ ಜಾತಿಯದನ್ನು ಅದೇ ಅಳತೆಯಲ್ಲಿ ಕೊಟ್ಟರಾಯಿತು. ಬಡ್ಡಿಯಿಲ್ಲದೆ ಪತ್ರವಿಲ್ಲದೆ ನಂಬಿಕೆಯ ಮೇಲೆ ಕೊಟ್ಟ ಹಣವು ಕೈಗಡವೆನಿಸಿಕೊಂಡದ್ದು ಇದೇ ಕಾರಣದಿಂದ. ಕಾಲ ಕಳೆದಂತೆ ಬೆಳೆಯುವ ಹಣವು ಸಾಲ. ಎರವಲು ಬೆಳೆಯದು, ಕಡವೂ ಬೆಳೆಯದು. ಸಾಲವು ಮಾತ್ರ ಸಾಲಗಾರನು ಮಲಗಿರುವಾಗಲೂ ಎದ್ದು ಕುಳಿತು ಬೆಳೆಯುತ್ತಿರುತ್ತದೆ. ಆದುದರಿಂದಲೇ ಎರವಲನ್ನು ಹಿಂದಿರುಗಿಸುತ್ತಾರೆ, ಕಡವನ್ನು ಅಳೆದು ಕೊಡುತ್ತಾರೆ, ಸಾಲವನ್ನು ತೀರಿಸುತ್ತಾರೆ. ಬೆಳೆಯುವುದನ್ನಲ್ಲವೇ ಮುಗಿಸಬೇಕಾದದ್ದು?

ಈಗಿನ ಬ್ಯಾಂಕುಗಳ ಕಾಗದಪತ್ರಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ‘ಮರುಪಾವತಿ’ ಎಂಬ ಮಾತು ನೆಲೆಯೂರಿದೆ. ಕಛೇರಿಯ ಕೆಲಸಕ್ಕೆ ಅದು ತಕ್ಕದ್ದೇ ಇರಬಹುದು. ಕಂತುಕಂತಾಗಿ ಕಟ್ಟುವ ಹಣಕ್ಕೆ ಕೊನೆಯಾಯಿತೆಂದು ಹೇಳುವುದು ಕಷ್ಟ, ಪಾವತಿಯಾಯಿತೆಂದು ಹೇಳುವುದು ಸುಲಭ. ಆದರೆ ಕಥೆಗಾರರೂ ಅನುವಾದಕರೂ ಮಗನು ತಂದೆಯ ಋಣವನ್ನು ‘ಮರುಪಾವತಿ ಮಾಡಿದ’ನೆಂದು ಬರೆಯುವುದನ್ನು ಕಂಡಾಗ ನಗು ಬರುತ್ತದೆ. ರಸೀತಿಯನ್ನು ಯಾರು ಬರೆದುಕೊಟ್ಟರೋ ತಿಳಿಯದು.

ಇವೆಲ್ಲವುಗಳಿಂದ ಬೇರೆಯಾಗಿ ನಿಲ್ಲುವ ಇನ್ನೊಂದು ಶಬ್ದವುಂಟು, ಅದು ಮುಯ್ಯಿ. ಮದುವೆಯ ಮನೆಯಲ್ಲಿ ಬಂಧುಗಳು ಮುಯ್ಯಿ ಮಾಡುತ್ತಾರೆ, ಯಾರು ಏನು ಕೊಟ್ಟರೆಂಬುದನ್ನು ಗಟ್ಟಿಯಾಗಿ ಓದಿಸುತ್ತಾರೆ, ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವು ಒದಗಿದಾಗ ಆ ಪುಸ್ತಕವು ಪೆಟ್ಟಿಗೆಯಿಂದ ಹೊರಕ್ಕೆ ಬರುತ್ತದೆ. ಬೇಸಾಯದಲ್ಲಿಯೂ ಮುಯ್ಯಿಯುಂಟು: ಒಬ್ಬನ ನಾಟಿಗೆ ಇನ್ನೊಬ್ಬನ ಮನೆಯವರು ಎಷ್ಟು ದಿನ ದುಡಿದರೋ ಅಷ್ಟು ದಿನದ ದುಡಿಮೆಯನ್ನು ಅವರ ಗದ್ದೆಯಲ್ಲಿ ಇವರು ಮಾಡಿಕೊಡುವುದು, ಅಂತಹ ಆಳಿಗೆ ಮುಯ್ಯಾಳೆಂದು ಹೆಸರು. ಇಲ್ಲಿ ಲೆಕ್ಕವಿಲ್ಲವೆಂದಲ್ಲ. ಲೆಕ್ಕವು ಕಟುವಾಗಿಯೇ ಇದೆ. ಆದರೆ ಲೆಕ್ಕವನ್ನು ಚುಕ್ತ ಮಾಡಿಕೊಂಡು ಬೇರೆಯಾಗುವ ಇಚ್ಛೆ ಯಾರಿಗೂ ಇಲ್ಲ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸಬಾರದೆಂದು ಅದರೊಳಗೆ ಒಂದು ತುಂಡು ಬೆಲ್ಲವನ್ನಾದರೂ ಹಾಕಿ ಕೊಡುವ ಗೃಹಿಣಿಯು ಪಾತ್ರೆಯನ್ನು ಹಿಂದಿರುಗಿಸುತ್ತಿರುವಾಗಲೇ ಮುಂದಿನ ಬರುಹೋಗಿಗೆ ಬಾಗಿಲನ್ನು ತೆರೆದಿಡುತ್ತಾಳೆ.

ಹಾಗಾದರೆ ‘ಮುಯ್ಯಿ ತೀರಿಸು’ ಎಂಬ ಪ್ರಯೋಗವಿಲ್ಲವೇ ಎಂದು ಕೇಳಬಹುದು. ಇದೆ. ಅಲ್ಲಿ ಆಗುವ ಮಾರ್ಪಾಡನ್ನೇ ನೋಡಬೇಕು. ‘ಮುಯ್ಯಿ ಮಾಡಿದನು’ ಎಂದರೆ ಉಡುಗೊರೆ ಕೊಟ್ಟನು. ‘ಮುಯ್ಯಿ ತೀರಿಸಿಕೊಂಡನು’ ಎಂದರೆ ಸೇಡಿನ ಮಾತು. ಕೊಳ್ಳು ಎಂಬ ಒಂದು ಸಹಾಯಕ ಕ್ರಿಯಾಪದವು ಸೇರಿದ ಮಾತ್ರಕ್ಕೆ ಉಡುಗೊರೆಯು ಕತ್ತಿಯಾಗಿಬಿಡುತ್ತದೆ. ಸಾಲವನ್ನು ತೀರಿಸುವವನು ಇತರನಿಗಾಗಿ ತೀರಿಸುತ್ತಾನೆ, ಸೇಡನ್ನು ತೀರಿಸಿಕೊಳ್ಳುವವನು ತನಗಾಗಿ ತೀರಿಸಿಕೊಳ್ಳುತ್ತಾನೆ ಎಂಬ ಭೇದವನ್ನು ಕನ್ನಡವು ಇಷ್ಟು ಸಣ್ಣ ಉಪಾಯದಿಂದ ಸಾಧಿಸಿದೆ. ಕೊಡುಕೊಳ್ಳುವಿಕೆಯನ್ನು ಮುಗಿಸಬೇಕೆಂದು ಹೊರಟಾಗ ಮುಯ್ಯಿಯು ಹಗೆಯಾಗುತ್ತದೆಂಬುದು ನಿಘಂಟಿನವರು ಎರಡು ಅರ್ಥಗಳೆಂದು ಬೇರೆ ಬೇರೆ ಬರೆದಿಡುವುದಕ್ಕಿಂತ ಆಳವಾದ ಸಂಗತಿ.

ಪ್ರಾಚೀನರಲ್ಲಿ ಈ ವ್ಯವಹಾರವು ಪ್ರಾಣದ ಮಟ್ಟಕ್ಕೆ ಏರಿತ್ತು. ಒಡೆಯನ ಜೋಳವನ್ನು ಉಂಡ ಯೋಧನು ಯುದ್ಧದಲ್ಲಿ ಅವನಿಗಾಗಿ ಹೋರಾಡಿ ಮಡಿಯುವ ಕಟ್ಟಳೆಗೆ ಜೋಳವಾಳಿಯೆಂದೂ, ಸಮಯ ಬಂದಾಗ ಒಡೆಯನೊಡನೆ ಸಾಯುವೆನೆಂದು ಭಾಷೆ ಕೊಟ್ಟವನ ಕಟ್ಟಳೆಗೆ ವೇಳೆವಾಳಿಯೆಂದೂ ಹೆಸರಿತ್ತು. ಉಂಡದ್ದು ಜೋಳ; ಕೊಡುವುದು ತಲೆ. ಈ ಎರಡಕ್ಕೂ ಯಾವ ತಕ್ಕಡಿಯಲ್ಲಿಯೂ ಸಮತೂಕ ಬರಲಾರದು. ಆದರೆ ವ್ಯವಹಾರವು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಮಡಿದ ವೀರನ ಮನೆಯವರಿಗೆ ಅರಸನು ಭೂಮಿಯನ್ನು ಬಿಡುತ್ತಿದ್ದನು. ಅಂತಹ ದತ್ತಿಗೆ ನೆತ್ತರುಗೊಡಗೆಯೆಂಬ ಹೆಸರು ಶಾಸನಗಳಲ್ಲಿ ಕಾಣುತ್ತದೆ. ಆ ಭೂಮಿಯಲ್ಲಿ ಬೆಳೆದ ಜೋಳವನ್ನು ಉಂಡು ದೊಡ್ಡವನಾದ ಮಗನಿಗೆ ಮತ್ತೆ ಜೋಳವಾಳಿ. ಇದು ಸಾಲವೆಂದರೆ ತೀರದ ಸಾಲ. ಮುಯ್ಯಿಯೆಂದರೆ ಸರಿಯಾದ ಮುಯ್ಯಿ.

ಈ ಹಿನ್ನೆಲೆಯಲ್ಲಿ ಕರ್ಣನ ಪಾತ್ರವನ್ನು ನೋಡಬೇಕು. ಕನ್ನಡ ಕವಿಗಳಿಗೆ ಕರ್ಣನ ಮೇಲೆ ಇರುವ ಮಮತೆಗೆ ಅವನ ದಾನಶೀಲತೆಯೊಂದೇ ಕಾರಣವೆಂದು ತಿಳಿಯುವುದು ಸಾಲದು. ಕೊಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ನಿಜ. ಆದರೆ ಕಾವ್ಯದ ನೋವು ಇರುವುದು ಅವನು ಪಡೆದದ್ದರಲ್ಲಿ. ಕೊಟ್ಟು ಬದುಕಬಲ್ಲವನು ಪಡೆದು ಹೇಗೆ ಬದುಕುವನೆಂಬುದೇ ಅವನ ಕಥೆ.

ಪಂಪನು 941ನೆಯ ಇಸವಿಯಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣನು ದುರ್ಯೋಧನನ ಉಪಕಾರವನ್ನು ನೆನೆಯುವಾಗ ಅಂಗರಾಜ್ಯದ ಮಾತನ್ನು ಮುಂದಿಟ್ಟುಕೊಂಡು ಕೂರುವುದಿಲ್ಲ. ಭಾನುಮತಿಯ ನೆತ್ತದಾಟದ ಪ್ರಸಂಗವೂ ಹರಿದ ಮುತ್ತಿನ ಸರವೂ ಅವನ ಕಣ್ಣಮುಂದೆ ಬರುತ್ತವೆ. ಆ ಪದ್ಯದ ಅನ್ವಯವನ್ನು ಕುರಿತು ವಿದ್ವಾಂಸರಲ್ಲಿ ನಡೆದ ವಾದವನ್ನು ಇಲ್ಲಿ ಎತ್ತಿಕೊಳ್ಳಬೇಕಾದುದಿಲ್ಲ. ಅರ್ಥವಾಗಬೇಕಾದದ್ದು ಇಷ್ಟು: ಕರ್ಣನ ಪಾಲಿಗೆ ಋಣವೆಂದರೆ ಪಡೆದ ಸೀಮೆಯಲ್ಲ, ಸಂಶಯಪಡಬಹುದಾಗಿದ್ದ ಗಳಿಗೆಯಲ್ಲಿ ಸಂಶಯಪಡದ ಒಬ್ಬ ಮನುಷ್ಯನ ನಂಬಿಕೆ. ಸೀಮೆಯನ್ನು ಹಿಂದಕ್ಕೆ ಕೊಡಬಹುದು. ನಂಬಿಕೆಯನ್ನು ಹಿಂದಕ್ಕೆ ಕೊಡುವುದೆಂದರೇನು? ಅದನ್ನು ಉಳಿಸಿಕೊಳ್ಳುವುದೊಂದೇ ಅದಕ್ಕಿರುವ ದಾರಿ. ಪಂಪನೂ ಅರಿಕೇಸರಿಯ ಆಶ್ರಯದಲ್ಲಿ ಕವಿಯಾಗಿಯೂ ಯೋಧನಾಗಿಯೂ ಇದ್ದವನು, ಕಾವ್ಯಕ್ಕೆ ಪ್ರತಿಯಾಗಿ ಧರ್ಮವುರವೆಂಬ ಅಗ್ರಹಾರವನ್ನು ಪಡೆದವನು. ಆಶ್ರಯದಾತನನ್ನು ಅರ್ಜುನನೊಡನೆ ಒಂದುಮಾಡಿ ತನ್ನ ಜೋಳವಾಳಿಯನ್ನು ಸಲ್ಲಿಸಿದ ಈ ಕವಿಯೇ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯದಿದ್ದರೂ ಕರ್ಣನನ್ನು ನೆನೆಯಬೇಕೆಂದು ಹೇಳಿದ್ದಾನೆ. ಒಡೆಯನಿಗೆ ಸಲ್ಲಬೇಕಾದದ್ದು ಕಾವ್ಯದ ಶರೀರಕ್ಕೆ ಸಂದಿತು. ಕವಿಯ ಮನಸ್ಸು ಎಲ್ಲಿತ್ತೆಂಬುದನ್ನು ಆ ಒಂದು ಪದ್ಯವು ಹೇಳಿಬಿಟ್ಟಿತು.

ಕುಮಾರವ್ಯಾಸನಲ್ಲಿ ಇದೇ ವಿಷಯವು ಇನ್ನೂ ಬಿಗಿಯಾಗಿ ಬಂದಿದೆ. ಉದ್ಯೋಗಪರ್ವದಲ್ಲಿ ಸಂಧಿಯು ಮುರಿದ ಬಳಿಕ ಕೃಷ್ಣನು ಕರ್ಣನನ್ನು ರಥದ ಮೇಲೆ ಕೂರಿಸಿಕೊಂಡು ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಕರ್ಣನ ಕೊರಳು ಕಟ್ಟುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಕೌರವನನ್ನು ನೀನೇ ಕೊಂದೆಯೆಂದು ಅವನು ಕೃಷ್ಣನಿಗೆ ಹೇಳುವ ಮಾತಿನ ತೀಕ್ಷ್ಣತೆಯು ಎಲ್ಲರಿಗೂ ತಿಳಿದದ್ದೇ. ಅನಂತರ ನಾಳಿನ ಯುದ್ಧವು ಮಾರಿಗೆ ಔತಣವಾಗುವುದೆಂದು ಹೇಳಿ ಅವನು ತನ್ನ ನಿಶ್ಚಯವನ್ನು ತಿಳಿಸುವ ಷಟ್ಪದಿಯೊಂದಿದೆ. ಗಮಕಿಗಳು ಅದನ್ನು ಹಾಡುವಾಗ ಕೇಳುವವರ ಮನಸ್ಸು ನಾದಕ್ಕೆ ಮಾರುಹೋಗಿ ಶಬ್ದಗಳ ಮೇಲೆ ನಿಲ್ಲುವುದಿಲ್ಲ. ನಿಲ್ಲಬೇಕು.

ಆ ಪದ್ಯದಲ್ಲಿ ಋಣವೆಂಬ ಶಬ್ದವೂ ಇದೆ, ತೀರಿಸು ಎಂಬ ಶಬ್ದವೂ ಇದೆ. ಆದರೆ ಕವಿಯು ಇವೆರಡನ್ನೂ ಜೊತೆಗೂಡಿಸಿಲ್ಲ! ಋಣಕ್ಕೆ ಅವನು ಕೊಟ್ಟ ಕ್ರಿಯಾಪದವು ‘ಹಿಂಗು’. ನೀರು ಹಿಂಗುತ್ತದೆ, ಬಾವು ಹಿಂಗುತ್ತದೆ, ಹಸಿವು ಹಿಂಗುತ್ತದೆ. ಮನುಷ್ಯನು ಎದ್ದು ನಿಂತು ಮಾಡಿ ಮುಗಿಸುವ ಕೆಲಸವಲ್ಲ ಅದು. ತಾನಾಗಿ ಒಳಗೊಳಗೇ ಇಳಿದುಹೋಗುವಂತಹುದು. ಅದೇ ಉಸುರಿನಲ್ಲಿ ರಣವೆಂಬ ಶಬ್ದವು ಋಣದ ಬೆನ್ನಿಗೇ ಬಂದು ಒಂದು ಇನ್ನೊಂದರ ಪ್ರತಿಧ್ವನಿಯಾಗುತ್ತದೆ. ಇನ್ನು ‘ತೀರಿಸು’ ಎಂಬುದನ್ನು ಕರ್ಣನು ಎದುರಾಳಿಗಳಾದ ವೀರರಿಗೆ ಹೇಳುತ್ತಾನೆ. ಕೋಟಿ ಭಟರನ್ನು ತೀರಿಸುವುದು, ಎಂದರೆ ಕೊಲ್ಲುವುದು. ತನ್ನ ದೇಹವನ್ನಾದರೋ ಒಡೆಯನ ಕಾರ್ಯಕ್ಕೆ ‘ನೂಕು’ತ್ತಾನೆ; ಬೇಡವಾದ ಸಾಮಾನನ್ನು ಆಚೆಗೆ ತಳ್ಳುವವನ ಮಾತು ಅದು. ಸಾಲವು ಹಿಂಗುವುದು, ಸೈನಿಕರು ತೀರುವುದು, ಶರೀರವು ನೂಕಲ್ಪಡುವುದು: ಈ ಮೂರು ಕ್ರಿಯೆಗಳನ್ನು ಕವಿಯು ತಿಳಿದೇ ಬಳಸಿದನೋ, ಭಾಷೆಯು ತಾನಾಗಿ ಅವನ ಬಾಯಿಗೆ ಬಂದಿತೋ ಹೇಳುವುದು ಕಷ್ಟ. ಕುಮಾರವ್ಯಾಸನ ವಿಷಯದಲ್ಲಿ ಆ ಭೇದವು ಬಹಳ ದೊಡ್ಡದೂ ಅಲ್ಲ.

ಪದ್ಯದ ಕೊನೆಯಲ್ಲಿ ಪಾಂಡವರೈವರನ್ನು ನೋಯಿಸುವುದಿಲ್ಲವೆಂದು ಕರ್ಣನು ಸೂರ್ಯನ ಮೇಲೆ ಆಣೆಯಿಡುತ್ತಾನೆ. ಈಗ ತಾನೇ ತಂದೆಯೆಂದು ತಿಳಿದುಬಂದವನ ಮೇಲೆ ಇಟ್ಟ ಆಣೆ! ಜನ್ಮಕೊಟ್ಟವರಿಂದ ಅವನು ಪಡೆದದ್ದು ಏನೂ ಇಲ್ಲ; ಹೊಳೆಯ ನೀರಿನಲ್ಲಿ ತೇಲಿಬಿಟ್ಟ ಕೂಸಿಗೆ ಯಾವ ಮಾತೃಋಣ, ಯಾವ ಪಿತೃಋಣ? ಆದರೂ ಐವರ ಪ್ರಾಣವನ್ನು ಅವನು ಆ ಕಡೆಗೆ ಕೊಟ್ಟುಬಿಡುತ್ತಾನೆ. ಇಲ್ಲಿ ಕೆಲವು ವಿಮರ್ಶಕರು ಕರ್ಣನು ಎರಡು ಋಣಗಳ ನಡುವೆ ಸಿಕ್ಕಿದನೆಂದು ಹೇಳುವುದುಂಟು. ಅದು ಪೂರ್ತಿಯಾಗಿ ಒಪ್ಪತಕ್ಕ ಮಾತಲ್ಲ. ಒಂದು ಕಡೆ ಋಣವಿದೆ. ಇನ್ನೊಂದು ಕಡೆ ಇರುವುದು ಅವನ ಹಳೆಯ ಚಾಳಿಯಾದ ದಾನ. ಕವಚಕುಂಡಲಗಳನ್ನು ಕೊಟ್ಟ ಕೈಯೇ ಈಗ ತಮ್ಮಂದಿರ ಪ್ರಾಣವನ್ನೂ ಕೊಟ್ಟಿತು. ಆ ದಾನದಿಂದ ಕೌರವನಿಗೆ ಸಲ್ಲಬೇಕಾದ ಋಣದಲ್ಲಿ ಒಂದು ಪಾಲು ಕೊರೆಯಾಗುತ್ತದೆಂಬುದನ್ನು ಕರ್ಣನು ಬಲ್ಲನು. ಕೊರೆಯಾದದ್ದನ್ನು ತುಂಬಲು ಅವನಲ್ಲಿ ಉಳಿದಿರುವುದು ತನ್ನ ದೇಹ. ಅವನು ಸಾಯಲೇಬೇಕಾದುದು ಅರ್ಜುನನ ಬಾಣದಿಂದಲ್ಲ, ಈ ಲೆಕ್ಕದಿಂದ.

ಋಣವನ್ನು ತೀರಿಸಬಾರದೆಂದು ಹೇಳಿದ ಸಂದರ್ಭವೂ ನಮ್ಮ ಸಾಹಿತ್ಯಪರಂಪರೆಯಲ್ಲಿ ಒಂದುಂಟು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾಮನು ಹನುಮಂತನನ್ನು ಬೀಳ್ಕೊಡುವಾಗ, ನೀನು ಮಾಡಿದ ಉಪಕಾರವು ನನ್ನಲ್ಲಿಯೇ ಜೀರ್ಣವಾಗಲಿ ಎಂಬ ಅಭಿಪ್ರಾಯವನ್ನು ಆಡುತ್ತಾನೆ. ಪ್ರತ್ಯುಪಕಾರವು ಬೇಕಾಗುವುದು ಆಪತ್ತಿನಲ್ಲಿ. ಪ್ರತ್ಯುಪಕಾರ ಮಾಡಬೇಕೆಂದು ಹಂಬಲಿಸುವವನು ಉಪಕಾರಿಗೆ ಆಪತ್ತು ಬರಲೆಂದು ಹಾರೈಸಿದಂತಾಗುವುದೆಂಬುದು ಅದರ ಹೃದಯ. ಕೃತಜ್ಞತೆಯ ವಿಚಾರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತು ಸಿಗುವುದು ದುರ್ಲಭ. ಆದರೆ ಅದನ್ನು ಆಡುವುದಕ್ಕೆ ರಾಮನಂತಹವನೇ ಬೇಕು. ಕನ್ನಡದ ವ್ಯವಹಾರದಲ್ಲಿ ಒಬ್ಬನು ಇನ್ನೊಬ್ಬನ ಹಣವನ್ನು ‘ಜೀರ್ಣಿಸಿಕೊಂಡನು’ ಎಂದರೆ ಏನರ್ಥವೆಂಬುದು ವಾಚಕರಿಗೆ ತಿಳಿದೇ ಇದೆ.

ಕೊಟ್ಟವರಿಗೇ ಕೊಡಲಾಗದ ಋಣಗಳನ್ನು ವೇದಕಾಲದವರೂ ಅರಿತಿದ್ದರು. ಬ್ರಾಹ್ಮಣನು ಹುಟ್ಟುತ್ತಲೇ ಮೂರು ಋಣಗಳುಳ್ಳವನಾಗಿರುತ್ತಾನೆಂದೂ, ಬ್ರಹ್ಮಚರ್ಯದಿಂದ ಋಷಿಗಳಿಗೆ, ಯಜ್ಞದಿಂದ ದೇವತೆಗಳಿಗೆ, ಸಂತಾನದಿಂದ ಪಿತೃಗಳಿಗೆ ಸಲ್ಲಿಸುತ್ತಾನೆಂದೂ ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಇವುಗಳಲ್ಲಿ ಪಿತೃಋಣದ ರೀತಿಯು ವಿಚಿತ್ರವಾಗಿದೆ. ತಂದೆಯಿಂದ ಪಡೆದದ್ದನ್ನು ಮಗನಿಗೆ ಕೊಟ್ಟರೆ ತಂದೆಗೆ ಸಂದಿತು. ತೀರಿಸತೀರದ ಋಣವೆಂದು ಜನರು ಹೇಳುವ ತಾಯಿಯ ಋಣಕ್ಕೂ ಇದೇ ದಾರಿಯೆಂದು ತೋರುತ್ತದೆ. ‘ತೀರಿಸತೀರದ’ ಎಂಬಲ್ಲಿ ಧಾತುವು ಎರಡು ಸಲ ಬಂದು, ಒಮ್ಮೆ ಮುಗಿಸುವುದನ್ನೂ ಇನ್ನೊಮ್ಮೆ ಸಾಧ್ಯವಾಗದ್ದನ್ನೂ ಹೇಳುತ್ತಿರುವುದು ಸ್ವಾರಸ್ಯಕರವಾಗಿದೆ.

ಶರಣರಲ್ಲಿ ಇದಕ್ಕೆ ಬೇರೊಂದು ಮದ್ದು ಕಾಣುತ್ತದೆ. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮನು ಹೇಳಿದ ಕಥೆಯು ಪ್ರಸಿದ್ಧವಾಗಿದೆ. ಅದು ಸಾಲವಲ್ಲ, ಕದ್ದದ್ದೂ ಅಲ್ಲ. ಯಾರೂ ಹಿಂದಕ್ಕೆ ಕೇಳಿರಲಿಲ್ಲ. ಋಣವಾಗುವುದಕ್ಕೆ ಮುಂಚೆಯೇ ಅಕ್ಕಿಯು ಹಿಂದಿರುಗಿತು.

ಇಷ್ಟರವರೆಗೆ ನೋಡಿದ್ದು ಪಡೆದವರ ಕಥೆ. ಏನನ್ನೂ ಪಡೆಯದೆ ಸಾಲಗಾರನಾದವನ ಕಥೆಯನ್ನು ರಾಘವಾಂಕನು ಬರೆದಿದ್ದಾನೆ. ಹರಿಶ್ಚಂದ್ರನು ವಿಶ್ವಾಮಿತ್ರನಿಂದ ಒಂದು ಕಾಸನ್ನೂ ತೆಗೆದುಕೊಂಡವನಲ್ಲ. ಯಾಗಕ್ಕೆ ಧನವನ್ನು ಕೊಡುವೆನೆಂದು ಮಾತು ಕೊಟ್ಟನು. ಮುನಿಯು ಅದು ನಿನ್ನಲ್ಲಿಯೇ ಇರಲೆಂದು ಬಿಟ್ಟುಹೋದನು. ಮುಂದೆ ರಾಜ್ಯವನ್ನೆಲ್ಲ ದಾನವಾಗಿ ಪಡೆದ ಮೇಲೆ, ಆ ಹಳೆಯ ಹಣವನ್ನು ಕೊಡು ಎಂದನು. ರಾಜ್ಯವೆಲ್ಲ ಹೋದ ಬಳಿಕ ಆ ಹಣವು ಎಲ್ಲಿಂದ ಬರಬೇಕು? ಮಾತೊಂದನ್ನು ಆಡಿದ್ದೇ ಇಲ್ಲಿ ಸಾಲಪತ್ರವಾಯಿತು. ಇಂತಹ ಸಾಲವನ್ನು ಕಲ್ಪಿಸಿದ ಕವಿಯು ಅದನ್ನು ಕೇಳುವುದಕ್ಕೆ ನಕ್ಷತ್ರಕನನ್ನೂ ಬೆನ್ನಿಗೆ ಹಚ್ಚಿದನು. ಬಿಸಿಲಿನಲ್ಲಿ, ಕಾಡಿನಲ್ಲಿ, ಹಸಿದ ಹೆಂಡತಿಮಕ್ಕಳೊಡನೆ ನಡೆಯುವ ಅರಸನ ಹಿಂದೆ ಅವನು ಅಂಟಿಕೊಂಡು ಬರುತ್ತಾನೆ. ಎಂಟು ಶತಮಾನಗಳಾದರೂ ಕನ್ನಡದ ಮನೆಗಳಲ್ಲಿ ಬಿಡದೆ ಪೀಡಿಸುವವನನ್ನು ನಕ್ಷತ್ರಿಕನೆನ್ನುತ್ತಾರೆ. ಕಾವ್ಯವನ್ನು ಕಣ್ಣಿನಿಂದ ಕಾಣದವರೂ ಈ ಹೆಸರನ್ನು ಬಲ್ಲರು. ಒಬ್ಬ ಕವಿಯ ಪಾತ್ರವು ಹೀಗೆ ಆಡುಮಾತಿನ ನಾಮಪದವಾಗುವುದು ಸಾಮಾನ್ಯವಾದ ಭಾಗ್ಯವಲ್ಲ.

ಕಾಶಿಯಲ್ಲಿ ಹರಿಶ್ಚಂದ್ರನು ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಿದನು. ತನ್ನನ್ನು ವೀರಬಾಹುವಿಗೆ ಮಾರಿಕೊಂಡನು. ಹಣವು ಮುನಿಗೆ ಸಂದಿತು. ಸಾಲವು ತೀರಿತೆಂದು ಇಲ್ಲಿ ಹೇಳಬಹುದಾಗಿತ್ತು. ಕಾವ್ಯದ ಹಿರಿಮೆಯು ಇದರ ಮುಂದೆ ಇದೆ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಚಂದ್ರಮತಿಯು ಸುಡುಗಾಡಿಗೆ ಬಂದಾಗ, ಕಾವಲುಗಾರನಾದ ಗಂಡನು ಅವಳಿಂದ ಸುಂಕವನ್ನು ಕೇಳುತ್ತಾನೆ. ಅದು ಒಡೆಯನಿಗೆ ಸಲ್ಲಬೇಕಾದದ್ದು. ಗುರುತು ಸಿಕ್ಕಿದ ಮೇಲೂ ಅವನು ಬಿಡಲಾರನು. ನಕ್ಷತ್ರಕನು ಯಾವಾಗಲೋ ಹೊರಟುಹೋಗಿದ್ದಾನೆ, ಆದರೆ ಅವನ ಕೆಲಸವನ್ನು ಈಗ ಹರಿಶ್ಚಂದ್ರನೇ ಮಾಡುತ್ತಿದ್ದಾನೆ! ಸಾಲಗಾರನು ವಸೂಲಿಗಾರನಾದನು. ಒಂದು ಋಣವನ್ನು ತೀರಿಸಲು ಮಾರಿಕೊಂಡ ದೇಹವು ಇನ್ನೊಂದು ಋಣದಲ್ಲಿ ಸಿಕ್ಕಿಕೊಂಡಿದೆ. ಸತ್ಯವಾಕ್ಯನ ಮಹಿಮೆಯನ್ನು ಹೊಗಳುವ ಭರದಲ್ಲಿ ಹರಿಕಥೆಯವರು ಈ ಘೋರವನ್ನು ಕಣ್ಣೀರಿನಿಂದ ತೊಳೆದುಬಿಡುತ್ತಾರೆ. ರಾಘವಾಂಕನು ತೊಳೆಯುವುದಿಲ್ಲ. ವಿಶ್ವನಾಥನು ಪ್ರತ್ಯಕ್ಷನಾಗಿ ಮಗನ ಪ್ರಾಣವೂ ರಾಜ್ಯವೂ ಮರಳಿಬರುವವರೆಗೆ ಓದುಗನು ಆ ಸುಡುಗಾಡಿನಲ್ಲಿಯೇ ನಿಂತಿರಬೇಕು.

ಎಲ್ಲವೂ ಮರಳಿಬಂದಿತೆಂಬುದರಲ್ಲಿ ಕಾವ್ಯಧರ್ಮವಿದೆ. ದೇವರು ಕೊನೆಯಲ್ಲಿ ಲೆಕ್ಕವನ್ನು ತಾನೇ ವಹಿಸಿಕೊಳ್ಳುತ್ತಾನೆ. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಲೆಕ್ಕವನ್ನು ವಹ��ಸಿಕೊಳ್ಳಲು ಯಾವ ದೇವರೂ ಬರುವುದಿಲ್ಲ, ಬರುವವನು ತೋಟದ ಮನ್ವೇಲ. ಈ ಎರಡು ಕೃತಿಗಳನ್ನು ಜೊತೆಯಲ್ಲಿಟ್ಟು ಓದುವ ಪದ್ಧತಿಯು ನಮ್ಮಲ್ಲಿ ಬೆಳೆದಿಲ್ಲ. ಒಂದು ಪುರಾಣಕಥೆ, ಒಂದು ಕಾದಂಬರಿ. ಒಬ್ಬನು ಸೂರ್ಯವಂಶದ ಅರಸು, ಇನ್ನೊಬ್ಬನು ಊರ ಹೊರಗಿನ ಗುಡಿಸಲಿನ ಹೊಲೆಯ. ಆದರೆ ಕಥೆಯ ಎಲುಬು ಒಂದೇ: ತಂದೆಯೊಬ್ಬನು ಸಾಲವನ್ನು ತೀರಿಸುವುದಕ್ಕಾಗಿ ಮನೆಯವರನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುವುದು.

ಚೋಮನು ಮಾಡಿಕೊಂಡ ತೋಟದ ಸಾಲಕ್ಕಾಗಿ ಮಕ್ಕಳಾದ ಚನಿಯನೂ ಗುರುವನೂ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯನು ಜ್ವರವನ್ನು ಹೊತ್ತು ತಂದು ಸಾಯುತ್ತಾನೆ. ಗುರುವನು ಕ್ರೈಸ್ತ ಹುಡುಗಿಯೊಬ್ಬಳನ್ನು ಕೂಡಿಕೊಂಡು ಮನೆಗೆ ಮರಳುವುದೇ ಇಲ್ಲ. ಸಾಲವು ಹಾಗೆಯೇ ಉಳಿಯುತ್ತದೆ. ಆಮೇಲೆ ಮಗಳು ಬೆಳ್ಳಿಯು ತೋಟಕ್ಕೆ ಹೋಗಬೇಕಾಗುತ್ತದೆ. ಅವಳು ಹಿಂದಿರುಗುವಾಗ ಸಾಲದ ಲೆಕ್ಕವು ವಜಾ ಆಗಿದೆ. ಅದಕ್ಕೆ ಏನು ಸಂದಿತೆಂಬುದು ಬೆಳ್ಳಿಗೆ ಗೊತ್ತು, ಓದುಗನಿಗೆ ಗೊತ್ತು. ಚೋಮನಿಗೆ ಮಾತ್ರ ಗೊತ್ತಿಲ್ಲ. ಸಾಲ ಹರಿಯಿತೆಂದು ಆ ಮುದುಕನು ಪಡುವ ಸಮಾಧಾನದಷ್ಟು ಕಠೋರವಾದದ್ದು ಕನ್ನಡ ಕಾದಂಬರಿಯಲ್ಲಿ ಹೆಚ್ಚಿಲ್ಲ. ಚಂದ್ರಮತಿಯನ್ನು ಹರಿಶ್ಚಂದ್ರನು ತಾನೇ ಸಂತೆಯಲ್ಲಿ ನಿಲ್ಲಿಸಿ ಕೂಗಿ ಮಾರಿದನು. ಆ ಮಾರಾಟಕ್ಕೆ ಹೆಸರಿತ್ತು, ಬೆಲೆಯಿತ್ತು, ನೋಡುವವರಿದ್ದರು. ಬೆಳ್ಳಿಯ ಮಾರಾಟವನ್ನು ಯಾರೂ ಕೂಗಲಿಲ್ಲ.

ಕಾರಂತರು ಇಲ್ಲಿ ಮಗಳನ್ನು ದೂಷಿಸುವುದೂ ಇಲ್ಲ, ಅವಳ ತ್ಯಾಗವೆಂದು ಕೊಂಡಾಡುವುದೂ ಇಲ್ಲ. ಆ ಸಂಯಮಕ್ಕೆ ಬೆಲೆ ಕೊಡಬೇಕು. ಕೃತಿಯಲ್ಲಿ ಕುಂದಿಲ್ಲವೆಂದಲ್ಲ, ಘಟನೆಗಳು ಒಂದರ ಮೇಲೊಂದು ಬೀಳುವ ವೇಗದಲ್ಲಿ ಕೆಲವು ಪಾತ್ರಗಳಿಗೆ ಉಸಿರಾಡಲು ಎಡೆಯಿಲ್ಲದಂತಾಗಿದೆ, ಗುರುವನಂತೂ ಕಣ್ಮರೆಯಾಗುವುದಕ್ಕೆಂದೇ ಬಂದವನಂತೆ ಕಾಣುತ್ತಾನೆ. ಆದರೆ ಸಾಲದ ವಿಚಾರದಲ್ಲಿ ಕಾದಂಬರಿಕಾರರ ಕಣ್ಣು ಒಮ್ಮೆಯೂ ತಪ್ಪುವುದಿಲ್ಲ. ಚೋಮನಿಗೆ ಬೇಕಾಗಿದ್ದದ್ದು ಒಂದು ತುಂಡು ಗದ್ದೆ. ಅವನ ಕೊಟ್ಟಿಗೆಯಲ್ಲಿ ಎರಡು ಎತ್ತುಗಳಿದ್ದವು. ಹೊಲೆಯನು ಬೇಸಾಯಗಾರನಾಗುವುದನ್ನು ಒಡೆಯರ ಮನೆಯ ಹಿರಿಯಾಕೆಯು ಒಪ್ಪಲಿಲ್ಲ. ಗದ್ದೆಯಿದ್ದವರಿಗೆ ಮುಯ್ಯಾಳುಗಳುಂಟು, ಮುಯ್ಯಿಯುಂಟು, ಕೊಟ್ಟು ತೆಗೆದುಕೊಳ್ಳುವ ನೆರೆಹೊರೆಯುಂಟು. ಗದ್ದೆಯಿಲ್ಲದವನ ಪಾಲಿಗೆ ಉಳಿದದ್ದು ಸಾಲವೊಂದೇ. ಜೋಳವಾಳಿಯ ಯೋಧನು ಸತ್ತರೆ ಅವನ ಮನೆಗೆ ನೆತ್ತರುಗೊಡಗೆಯ ಭೂಮಿಯಾದರೂ ಬರುತ್ತಿತ್ತು. ಘಟ್ಟದ ತೋಟದಲ್ಲಿ ದುಡಿದು ಸತ್ತ ಚನಿಯನ ಮನೆಗೆ ಏನೂ ಬರಲಿಲ್ಲ. ಜೀತಪದ್ಧತಿಯನ್ನು ರದ್ದುಮಾಡುವ ಕಾನೂನು ದೇಶದಲ್ಲಿ ಬಂದದ್ದು 1976ರಲ್ಲಿ, ಈ ಕಾದಂಬರಿಯು ಬಂದು ನಾಲ್ವತ್ತು ವರ್ಷಗಳಿಗೂ ಮೇಲಾದ ನಂತರ.

ಕೊನೆಯಲ್ಲಿ ಚೋಮನು ಮಗಳನ್ನೂ ಮನ್ವೇಲನನ್ನೂ ಒಟ್ಟಿಗೆ ಕಾಣುತ್ತಾನೆ. ಸಾಲವು ಹೇಗೆ ಹರಿಯಿತೆಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯುತ್ತದೆ. ಎತ್ತುಗಳನ್ನು ಬಿಟ್ಟುಕೊಟ್ಟು ಅವನು ಗುಡಿಸಲಿನೊಳಕ್ಕೆ ಹೋಗಿ ದುಡಿಯನ್ನು ತೆಗೆದುಕೊಳ್ಳುತ್ತಾನೆ. ಕತ್ತಲೆಯಲ್ಲಿ ದುಡಿಯ ಸದ್ದು ಕೇಳಿಬರುತ್ತಿರುತ್ತದೆ. ಅನಂತರ ಸದ್ದು ನಿಲ್ಲುತ್ತದೆ. ತೋಟದ ಪುಸ್ತಕದಲ್ಲಿ ಆ ಹೊತ್ತಿಗೆ ಚೋಮನ ಹೆಸರಿನ ಎದುರಿಗೆ ಬಾಕಿ ಏನೂ ಇರಲಿಲ್ಲ.